ಹೊಗಳಿಕೆಯ ಹೊನ್ನಶೂಲದಲ್ಲಿ ಬಾಬ್ ಡಿಲನ್

ಬಾಬ್ ಡಿಲನ್‌ಗೆ ಸಂದಿರುವ ಗೌರವಗಳು ಒಬ್ಬ ಹಾಡುಗಾರನ ಹೆಗಲಿಗೆ ಭಾರವೆನ್ನುವಷ್ಟಿವೆ. 1998ರಲ್ಲಿ ವರ್ಷದ ಅತ್ಯುತ್ತಮ ಆಲ್ಬಮ್‌ಗಾಗಿ ಗ್ರ್ಯಾಮಿ, 2001ರಲ್ಲಿ ಆಸ್ಕರ್, 2008ರಲ್ಲಿ ಪುಲಿಟ್ಜರ್ ವಿಶೇಷ ಮನ್ನಣೆ, 2012ರಲ್ಲಿ ಅಮೆರಿಕದ ಅಧ್ಯಕ್ಷರ ಕೈಯಿಂದ ಸ್ವಾತಂತ್ರ್ಯ ಪದಕ, 2016ರಲ್ಲಿ ಸಾಹಿತ್ಯದ ನೊಬೆಲ್. ಮಿಲ್ಟನ್, ಕೀಟ್ಸ್ ಕುರಿತು ಬರೆದು ಹೆಸರಾದ ವಿಮರ್ಶಕ ಕ್ರಿಸ್ಟೋಫರ್ ರಿಕ್ಸ್ 2003ರಲ್ಲಿ ಡಿಲನ್‌ನ ಸಾಲುಗಳ ಮೇಲೆಯೇ ದಪ್ಪ ಗ್ರಂಥವೊಂದನ್ನು ಹೊರತಂದ. ಹಾರ್ವರ್ಡ್‌ನ ಲ್ಯಾಟಿನ್ ವಿದ್ವಾಂಸ ರಿಚರ್ಡ್ ಥಾಮಸ್ ಆತನನ್ನು ವರ್ಜಿಲ್, ಓವಿಡ್ ಪಕ್ಕದಲ್ಲಿ ಕೂರಿಸಿದ. ಆತನ ಕಾಗದಪತ್ರಗಳಿಗಾಗಿ ಓಕ್ಲಹೋಮದ ಟಲ್ಸಾದಲ್ಲಿ 2022ರಲ್ಲಿ ಒಂದು ಕೇಂದ್ರವೇ ತೆರೆಯಿತು. ಆತನ ಬದುಕು ಬರಹಗಳನ್ನು ಕೆದಕುವ ಕೆಲಸಕ್ಕೆ ‘ಡಿಲನಾಲಜಿ’ ಎಂಬ ಹೆಸರು ಐವತ್ತು ವರ್ಷಗಳ ಹಿಂದೆಯೇ ಹುಟ್ಟಿಕೊಂಡಿತ್ತು.

ಕೀರ್ತಿಯಷ್ಟೇ ಹಳೆಯದು ಅದರ ಬಗೆಗಿನ ಅನುಮಾನ. ದನಿ ಗೊಗ್ಗರು, ರಾಗಗಳು ಎರವಲು, ಸಾಲುಗಳು ಕದ್ದವು, ನೊಬೆಲ್ ಒಂದು ತಲೆಮಾರಿನ ಹಳಹಳಿಕೆಗೆ ಸಂದ ಬಹುಮಾನ ಎಂಬ ಮಾತುಗಳು ಮತ್ತೆ ಮತ್ತೆ ಕೇಳಿಬಂದಿವೆ. ಆತನ ಸಮಕಾಲೀನಳೂ ಸಮಬಲಳೂ ಆದ ಜೋನಿ ಮಿಚೆಲ್ 2010ರಲ್ಲಿ ಪತ್ರಿಕಾ ಸಂದರ್ಶನವೊಂದರಲ್ಲಿ ಡಿಲನ್ ಕೃತಿಚೋರ, ಆತನ ಹೆಸರು, ದನಿ ಎಲ್ಲವೂ ಸೋಗು ಎಂದು ನೇರವಾಗಿಯೇ ಹೇಳಿದಳು. ಈ ವಾದ ಬಗೆಹರಿಯದೆ ಉಳಿದಿರುವುದಕ್ಕೆ ಒಂದು ಕಾರಣವಿದೆ. ಡಿಲನ್ ಎಂಬ ಒಂದೇ ಹೆಸರಿನ ಕೆಳಗೆ ಕವಿ, ಪ್ರವಾದಿ, ಹಾಡು ಕಟ್ಟುವವ, ಗಾಯಕ ಎಂಬ ನಾಲ್ಕು ಬೇರೆ ಬೇರೆ ಖಾತೆಗಳಿವೆ. ಒಂದರಲ್ಲಿ ಗಳಿಸಿದ್ದನ್ನು ಅಭಿಮಾನಿಗಳು ಇನ್ನೊಂದಕ್ಕೆ ಜಮಾ ಮಾಡುತ್ತಾರೆ, ಒಂದರಲ್ಲಿ ಕಳೆದದ್ದನ್ನು ಟೀಕಾಕಾರರು ಉಳಿದ ಮೂರರಿಂದಲೂ ಮುರಿದುಕೊಳ್ಳುತ್ತಾರೆ.

ಮುಂದೆ ಬಾಬ್ ಡಿಲನ್ ಆದ ರಾಬರ್ಟ್ ಆಲೆನ್ ಝಿಮ್ಮರ್‌ಮನ್ ಹುಟ್ಟಿದ್ದು 1941ರ ಮೇ 24ರಂದು, ಮಿನ್ನೆಸೋಟ ರಾಜ್ಯದ ಡುಲೂತ್‌ನಲ್ಲಿ. ಬೆಳೆದದ್ದು ಕಬ್ಬಿಣದ ಅದಿರಿನ ಗಣಿಯೂರು ಹಿಬ್ಬಿಂಗ್‌ನಲ್ಲಿ. 1961ರ ಜನವರಿಯಲ್ಲಿ ನ್ಯೂಯಾರ್ಕ್‌ಗೆ ಬಂದಾಗ ಆತನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಆರಾಧ್ಯ ಗಾಯಕ ವುಡಿ ಗತ್ರಿ ನ್ಯೂಜೆರ್ಸಿಯ ಆಸ್ಪತ್ರೆಯೊಂದರಲ್ಲಿ ನರರೋಗದಿಂದ ಮಲಗಿದ್ದ. ಅವನನ್ನು ಕಂಡು ಬಂದದ್ದು, ಅವನಂತೆಯೇ ಮಾತಾಡುತ್ತ ಹಾಡುತ್ತ ಗ್ರೀನಿಚ್ ವಿಲೇಜ್‌ನ ಕಾಫಿ ಅಂಗಡಿಗಳಲ್ಲಿ ಅಲೆದದ್ದು, ತಾನು ಜಾತ್ರೆ ಸರ್ಕಸ್‌ಗಳ ಜೊತೆ ತಿರುಗಿದವನೆಂದು ಕಥೆ ಕಟ್ಟಿದ್ದು ಎಲ್ಲ ಆ ವರ್ಷವೇ. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ರಾಬರ್ಟ್ ಶೆಲ್ಟನ್ ಬರೆದ ವಿಮರ್ಶೆ ಬಂತು. ಕೊಲಂಬಿಯ ಕಂಪನಿಯ ಜಾನ್ ಹ್ಯಾಮಂಡ್ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ. 1962ರ ಮೊದಲ ಆಲ್ಬಮ್‌ನ ಹದಿಮೂರು ಹಾಡುಗಳಲ್ಲಿ ಆತನ ಸ್ವಂತದವು ಎರಡೇ. ಅದು ಮಾರಾಟವಾಗದೆ ಬಿದ್ದಾಗ ಕಂಪನಿಯ ಒಳಗಿನವರು ಅದನ್ನು ಹ್ಯಾಮಂಡ್‌ನ ಹುಚ್ಚಾಟ ಎಂದು ಆಡಿಕೊಂಡರು. ಮರುವರ್ಷ ಬಂದ ‘ದ ಫ್ರೀವೀಲಿಂಗ್ ಬಾಬ್ ಡಿಲನ್’ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಸ್ವಂತ ಹಾಡು ಎಂದು ಅಚ್ಚಾಗಿತ್ತು. ಎರವಲಿನ ವಾದ ಶುರುವಾಗುವುದು ಈ ಆಲ್ಬಮ್‌ನಿಂದ.

ಎರವಲು ಮಟ್ಟು

‘ಬ್ಲೋಯಿಂಗ್ ಇನ್ ದ ವಿಂಡ್’ನ ಮಟ್ಟು ‘ನೋ ಮೋರ್ ಆಕ್ಷನ್ ಬ್ಲಾಕ್’ ಎಂಬ ಕಪ್ಪು ಗುಲಾಮರ ಬಿಡುಗಡೆಯ ಹಾಡಿನದು. ಇದನ್ನು ಡಿಲನ್ ತಾನೇ ಒಪ್ಪಿಕೊಂಡಿದ್ದಾನೆ. ‘ಎ ಹಾರ್ಡ್ ರೇನ್ಸ್ ಎ-ಗಾನ ಫಾಲ್’ನ ಪ್ರಶ್ನೋತ್ತರದ ಚೌಕಟ್ಟು ‘ಲಾರ್ಡ್ ರ‍್ಯಾಂಡಲ್’ ಎಂಬ ಹಳೆಯ ಲಾವಣಿಯದು. ‘ಗರ್ಲ್ ಫ್ರಮ್ ದ ನಾರ್ತ್ ಕಂಟ್ರಿ’ ಹುಟ್ಟಿದ್ದು ಲಂಡನ್‌ನಲ್ಲಿ ಮಾರ್ಟಿನ್ ಕಾರ್ತಿ ಹಾಡುತ್ತಿದ್ದ ‘ಸ್ಕಾರ್‌ಬರೊ ಫೇರ್’ ಕೇಳಿದ ಮೇಲೆ. ‘ಮಾಸ್ಟರ್ಸ್ ಆಫ್ ವಾರ್’ಗೆ ಕೆಂಟಕಿಯ ಜೀನ್ ರಿಚಿಯ ಮನೆತನದಲ್ಲಿ ಉಳಿದುಬಂದಿದ್ದ ‘ನಾಟಮುನ್ ಟೌನ್’ನ ರಾಗ ಬಳಕೆಯಾಯಿತು, ಆ ವಿವಾದ ಹಣ ಕೊಟ್ಟು ಇತ್ಯರ್ಥವಾಯಿತು. ‘ವಿತ್ ಗಾಡ್ ಆನ್ ಅವರ್ ಸೈಡ್’ನ ರಾಗ ತನ್ನ ‘ದ ಪೇಟ್ರಿಯಟ್ ಗೇಮ್’ನದು ಎಂದು ಐರಿಷ್ ಕವಿ ಡೊಮಿನಿಕ್ ಬೀಯನ್ ಸಿಟ್ಟಾದ, ಅವನ ಹಾಡಿನ ರಾಗವೂ ಅದಕ್ಕಿಂತ ಹಳೆಯ ಇನ್ನೊಂದು ಜನಪದ ಗೀತೆಯಿಂದ ಬಂದದ್ದು.

ಬೀಯನ್‌ನ ಈ ಪ್ರಸಂಗದಲ್ಲೇ ಉತ್ತರದ ಅರ್ಧ ಭಾಗವಿದೆ. ಜನಪದ ಸಂಪ್ರದಾಯದಲ್ಲಿ ಮಟ್ಟು ಯಾರ ಆಸ್ತಿಯೂ ಅಲ್ಲ. ಕನ್ನಡದ ಕಂಪನಿ ನಾಟಕಗಳ ಕಾಲದಲ್ಲಿ ಜನಪ್ರಿಯ ಮರಾಠಿ ರಂಗಗೀತೆಯ ಮಟ್ಟಿಗೆ ಕನ್ನಡದ ಮಾತು ಹೊಸೆಯುವುದು ಕಸುಬಿನ ಭಾಗವೇ ಆಗಿತ್ತು. ಹಾಗೆ ಹೊಸೆದವನನ್ನು ಕಳ್ಳನೆಂದು ಯಾರೂ ಕರೆಯಲಿಲ್ಲ. ವುಡಿ ಗತ್ರಿ ತನ್ನ ಬಹುಪಾಲು ಹಾಡುಗಳನ್ನು ಹೀಗೆಯೇ ಕಟ್ಟಿದ. ಉತ್ತರದ ಇನ್ನರ್ಧ ಇಷ್ಟು ಸಲೀಸಲ್ಲ. ಗತ್ರಿ ಹಾಡುತ್ತಿದ್ದದ್ದು ಕೂಲಿಕಾರರ ಸಭೆಗಳಲ್ಲಿ. ಡಿಲನ್ ಹಾಡಿದ್ದು ಹಕ್ಕುಸ್ವಾಮ್ಯದ ಮುದ್ರೆ ಹೊತ್ತ ಕಂಪನಿಯ ಗ್ರಾಮಫೋನ್ ತಟ್ಟೆಯಲ್ಲಿ, ಪಕ್ಕದಲ್ಲಿ ತನ್ನ ಒಬ್ಬನದೇ ಹೆಸರು ಹಾಕಿಕೊಂಡು. ಆ ಹಕ್ಕುಗಳನ್ನು 2020ರ ಡಿಸೆಂಬರ್‌ನಲ್ಲಿ ಯೂನಿವರ್ಸಲ್ ಕಂಪನಿ ಕೊಂಡಾಗ ಪತ್ರಿಕೆಗಳು ಅಂದಾಜಿಸಿದ ಬೆಲೆ 30 ಕೋಟಿ ಡಾಲರ್‌ಗೂ ಮೇಲೆ. ಸಂಪ್ರದಾಯದ ಬಾವಿಯಿಂದ ನೀರು ಸೇದುವುದು ತಪ್ಪಲ್ಲ ಎಂಬ ಸಮರ್ಥನೆಯನ್ನು ಇಷ್ಟು ದೊಡ್ಡ ಮೊತ್ತದ ಮುಂದೆ ಪೂರ್ತಿಯಾಗಿ ಒಪ್ಪುವುದು ಕಷ್ಟ.

ಒಂದು ಮಾತು ಮಾತ್ರ ಖಚಿತ. ರಾಗ ಕಟ್ಟುವವನಾಗಿ ಡಿಲನ್ ದೊಡ್ಡವನಲ್ಲ. ಸ್ವರಸಂಯೋಜನೆಯ ಹೊಸತನದಲ್ಲಿ ಜೋನಿ ಮಿಚೆಲ್‌ಗಾಗಲಿ ಪಾಲ್ ಮೆಕಾರ್ಟ್ನಿಗಾಗಲಿ ಬ್ರಯನ್ ವಿಲ್ಸನ್‌ಗಾಗಲಿ ಆತನನ್ನು ಹೋಲಿಸುವಂತಿಲ್ಲ. ಮೂರು ಕಾರ್ಡ್‌ಗಳ ಬ್ಲೂಸ್, ನಾಲ್ಕು ಸಾಲಿನ ಲಾವಣಿ ಚರಣ ಇವೇ ಆತನ ಬಂಡವಾಳ. ಜನಪ್ರಿಯ ಹಾಡಿಗೆ ಬುದ್ಧಿ ತಂದುಕೊಟ್ಟವನೇ ಡಿಲನ್ ಎಂಬ ಮಾತೂ ಅತಿಯೇ. ‘ಸಬ್‌ಟೆರೇನಿಯನ್ ಹೋಮ್‌ಸಿಕ್ ಬ್ಲೂಸ್’ನ ಪಟಪಟ ಮಾತಿನ ಹಿಂದೆ ಚಕ್ ಬೆರಿಯ 1956ರ ‘ಟೂ ಮಚ್ ಮಂಕಿ ಬಿಸಿನೆಸ್’ ಇದೆ. ರಾಬರ್ಟ್ ಜಾನ್ಸನ್, ಹ್ಯಾಂಕ್ ವಿಲಿಯಮ್ಸ್, ಕೋಲ್ ಪೋರ್ಟರ್ ಇವರೆಲ್ಲ ಡಿಲನ್ ಗಿಟಾರ್ ಹಿಡಿಯುವ ಮುನ್ನವೇ ಮೂರು ನಿಮಿಷದೊಳಗೆ ಬೇಕಾದಷ್ಟು ಬುದ್ಧಿ ತುಂಬಿಸಿದ್ದರು.

ಒಲ್ಲದ ಪ್ರವಾದಿ

ಜಗತ್ತಿನ ಕಣ್ಣಿನಲ್ಲಿ ಡಿಲನ್ ಇಂದಿಗೂ ಪ್ರತಿಭಟನೆಯ ಹಾಡುಗಾರ. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್‌ನಲ್ಲಿ ಭಾಷಣ ಮಾಡಿದ ಅದೇ ವೇದಿಕೆಯಲ್ಲಿ ಡಿಲನ್ ಕೂಡ ಹಾಡಿದ್ದ. ಆದರೆ ಈ ಅವತಾರ ಇದ್ದದ್ದು ಎರಡು ವರ್ಷಕ್ಕೂ ಕಡಿಮೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ನಾಗರಿಕ ಸ್ವಾತಂತ್ರ್ಯದ ಸಂಘಟನೆಯೊಂದು ಟಾಮ್ ಪೇನ್ ಪ್ರಶಸ್ತಿ ಕೊಟ್ಟಾಗ, ಕೆನೆಡಿಯನ್ನು ಕೊಂದ ಆಸ್ವಾಲ್ಡ್‌ನಲ್ಲಿ ತನ್ನದೇ ಏನೋ ಕಾಣುತ್ತದೆ ಎಂದು ಹೇಳಿ ಆತ ಸಭೆಯಿಂದ ಛೀಮಾರಿ ಹಾಕಿಸಿಕೊಂಡ. 1964ರ ಆಗಸ್ಟ್‌ನಲ್ಲಿ ಬಂದ ನಾಲ್ಕನೇ ಆಲ್ಬಮ್‌ನ ಹೊತ್ತಿಗೆ ಚಳವಳಿಯಿಂದ ಹೊರಬಿದ್ದಿದ್ದ. ವಿಯೆಟ್ನಾಂ ಯುದ್ಧ ಉರಿಯುತ್ತಿದ್ದ ಅರುವತ್ತರ ದಶಕದ ಕೊನೆಯಲ್ಲಿ ಅದರ ಹೆಸರೆತ್ತಿ ಒಂದು ಹಾಡನ್ನೂ ಕೊಡಲಿಲ್ಲ. ಮೆರವಣಿಗೆಗಳಲ್ಲಿ ನಡೆದವರು ಜೋನ್ ಬಾಯೆಜ್, ಫಿಲ್ ಆಕ್ಸ್, ಪೀಟ್ ಸೀಗರ್. ತಾನು ಯಾವ ತಲೆಮಾರಿನ ದನಿಯೂ ಅಲ್ಲ ಎಂದು ಡಿಲನ್ ಅರುವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾನೆ. ಈ ಖಾತೆಯ ಕೀರ್ತಿ ಅತಿಯೆನ್ನುವುದಕ್ಕೆ ಆತನೇ ಸಾಕ್ಷಿ.

ನಿಜ ಘಟನೆಗಳ ಮೇಲೆ ಬರೆದ ಹಾಡುಗಳಲ್ಲಿ ಆತ ಸತ್ಯದ ಬಗ್ಗೆ ಸಡಿಲ. 1976ರ ‘ಡಿಸೈರ್’ ಆಲ್ಬಮ್‌ನಲ್ಲಿ ನ್ಯೂಯಾರ್ಕ್‌ನ ಮಾಫಿಯಾ ಮನುಷ್ಯ ಜೋಯಿ ಗ್ಯಾಲೊನನ್ನು ಹನ್ನೊಂದು ನಿಮಿಷ ಹಾಡಿ ಹುತಾತ್ಮನನ್ನಾಗಿಸಿದ್ದನ್ನು ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ತರಾಟೆಗೆ ತೆಗೆದುಕೊಂಡ. ಅದೇ ಆಲ್ಬಮ್‌ನ ‘ಹರಿಕೇನ್’ ಮುಷ್ಟಿಯುದ್ಧದ ಪಟು ರೂಬಿನ್ ಕಾರ್ಟರ್ ಪರ ಹೂಡಿದ ವಾದ. ಕಾರ್ಟರ್ ಶಿಕ್ಷೆಯನ್ನು 1985ರಲ್ಲಿ ಫೆಡರಲ್ ನ್ಯಾಯಾಲಯ ರದ್ದು ಮಾಡಿತು ಎಂಬುದು ನಿಜವಾದರೂ ಹಾಡಿನ ಹಲವು ವಿವರ ಉತ್ಪ್ರೇಕ್ಷೆಯವು. ಮಾನನಷ್ಟದ ಭಯದಿಂದ ಕಂಪನಿಯ ವಕೀಲರು ಅದನ್ನು ಮತ್ತೊಮ್ಮೆ ಧ್ವನಿಮುದ್ರಿಸುವಂತೆ ಮಾಡಿದ್ದರು.

ಅಸಲಿ ಸಾಧನೆ

ಹಾಡು ಕಟ್ಟುವವನ ಖಾತೆ ತೆರೆದಾಗ ಚಿತ್ರ ಬದಲಾಗುತ್ತದೆ. ಅದಕ್ಕೆ ‘ದ ಲೋನ್‌ಸಮ್ ಡೆತ್ ಆಫ್ ಹ್ಯಾಟಿ ಕ್ಯಾರಲ್’ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1963ರ ಫೆಬ್ರವರಿಯಲ್ಲಿ ಬಾಲ್ಟಿಮೋರ್‌ನ ಹೋಟೆಲೊಂದರ ಔತಣಕೂಟದಲ್ಲಿ ವಿಲಿಯಂ ಝಾಂಟ್‌ಸಿಂಗರ್ ಎಂಬ ಶ್ರೀಮಂತ ತಂಬಾಕು ಬೆಳೆಗಾರ ಕುಡಿದು ತನ್ನ ಕೋಲಿನಿಂದ ಹೊಡೆದ ಪರಿಚಾರಿಕೆ ಹ್ಯಾಟಿ ಕ್ಯಾರಲ್ ಕೆಲವೇ ಗಂಟೆಗಳಲ್ಲಿ ಸತ್ತಳು. ನ್ಯಾಯಾಲಯ ಅವನಿಗೆ ಕೊಟ್ಟದ್ದು ಆರು ತಿಂಗಳ ಶಿಕ್ಷೆ. ಶಿಕ್ಷೆ ಪ್ರಕಟವಾದದ್ದು ಕಿಂಗ್ ಭಾಷಣ ಮಾಡಿದ ವಾಷಿಂಗ್ಟನ್ ಮೆರವಣಿಗೆಯ ದಿನವೇ. ಇಲ್ಲಿಯೂ ಡಿಲನ್ ಕಾನೂನಿನ ವಿವರಗಳಲ್ಲಿ ಜಾರಿದ್ದಾನೆ, ಆರೋಪಿಯ ಹೆಸರಿನ ಒಂದು ಅಕ್ಷರವನ್ನೂ ಬಿಟ್ಟಿದ್ದಾನೆ. ಆದರೂ ಇದು ಇಪ್ಪತ್ತೆರಡರ ಹುಡುಗ ಬರೆದನೆಂದು ನಂಬಲು ಕಷ್ಟವಾಗುವ ಹಾಡು. ಮೊದಲ ಮೂರು ಚರಣಗಳ ಕೊನೆಯಲ್ಲಿ ಬರುವ ಪಲ್ಲವಿ ಕೇಳುಗರಿಗೆ ಅಳುವ ಹೊತ್ತು ಇನ್ನೂ ಬಂದಿಲ್ಲ ಎನ್ನುತ್ತದೆ. ಹೆಂಗಸು ಸತ್ತಾಗಲೂ ಬಂದಿಲ್ಲ. ನ್ಯಾಯಾಧೀಶ ಗಂಭೀರವಾಗಿ ಸುತ್ತಿಗೆ ಬಡಿದು, ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬಂತೆ ನಟಿಸಿ, ಆರು ತಿಂಗಳು ಎಂದು ಹೇಳಿದ ಮೇಲೆ ಮಾತ್ರ ಪಲ್ಲವಿ ತಿರುಗುತ್ತದೆ. ಕಣ್ಣೀರು ಇರುವುದು ಸಾವಿಗಲ್ಲ, ತೀರ್ಪಿಗೆ. ಇನ್ನೊಂದು ಸಂಗತಿಯನ್ನು ರಿಕ್ಸ್ ಗುರುತಿಸಿದ್ದಾನೆ: ಇಡೀ ಹಾಡಿನಲ್ಲಿ ಹ್ಯಾಟಿ ಕಪ್ಪು ಹೆಂಗಸು ಎಂಬ ಮಾತಿಲ್ಲ. ಅವಳು ಊಟದ ಮೇಜು ಒರೆಸುವುದನ್ನು, ಬೂದಿ ಬಟ್ಟಲು ಖಾಲಿ ಮಾಡುವುದನ್ನು ಹೇಳಿದರೆ ಸಾಕು, ಆ ಊರಿನಲ್ಲಿ ಆ ಕೆಲಸ ಮಾಡುವವರು ಯಾರೆಂದು ಕೇಳುವವನಿಗೆ ಗೊತ್ತು. ಹೇಳದೆ ಬಿಡುವ ಈ ಧೈರ್ಯ ಆ ಕಾಲದ ಬೇರೆ ಯಾವ ಪ್ರತಿಭಟನಾ ಹಾಡಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ.

1965ರ ಮಾರ್ಚ್‌ನಿಂದ 1966ರ ಬೇಸಿಗೆಯವರೆಗಿನ ಹದಿನೈದು ತಿಂಗಳಲ್ಲಿ ಮೂರು ಆಲ್ಬಮ್‌ಗಳು ಬಂದವು: ‘ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್’, ‘ಹೈವೇ 61 ರೀವಿಸಿಟೆಡ್’, ಎರಡು ತಟ್ಟೆಗಳ ‘ಬ್ಲಾಂಡ್ ಆನ್ ಬ್ಲಾಂಡ್’. ಡಿಲನ್‌ನ ನಿಜವಾದ ಆಸ್ತಿ ಇಲ್ಲಿದೆ. ಹಲವು ಪುಟಗಳ ಗದ್ಯವಾಗಿ, ಯಾರ ಮೇಲೋ ಕಾರಿದ ದ್ವೇಷವಾಗಿ ಶುರುವಾದ ‘ಲೈಕ್ ಎ ರೋಲಿಂಗ್ ಸ್ಟೋನ್’ 1965ರ ಜೂನ್ 16ರಂದು ಧ್ವನಿಮುದ್ರಣವಾಯಿತು. ಗಿಟಾರ್ ನುಡಿಸುವ ಆಸೆಯಿಂದ ಸ್ಟುಡಿಯೊಗೆ ಬಂದಿದ್ದ ಆಲ್ ಕೂಪರ್ ಆರ್ಗನ್ ಮುಂದೆ ಹೋಗಿ ಕೂತ. ಆ ವಾದ್ಯ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಉಳಿದವರು ಕಾರ್ಡ್ ನುಡಿಸಿದ ಮೇಲೆ ಅವನು ನುಡಿಸುತ್ತಿದ್ದ, ಹಾಗಾಗಿ ಆರ್ಗನ್ ಅರೆಕ್ಷಣ ತಡವಾಗಿ ಬರುತ್ತದೆ. ಆ ತಡವೇ ಹಾಡಿನ ಗುರುತಾಯಿತು. ಆರು ನಿಮಿಷ ದಾಟಿದ ಹಾಡು ಸಿಂಗಲ್ ಆಗಿ ಓಡುವುದಿಲ್ಲ ಎಂಬುದು ಕಂಪನಿಯ ಲೆಕ್ಕ. ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಸೊಕ್ಕಿನ ಹುಡುಗಿಯೊಬ್ಬಳು ಬೀದಿಗೆ ಬಿದ್ದಳೆಂದು ಕುಹಕದಿಂದ ಆರಂಭವಾಗುವ ಹಾಡು ಮುಗಿಯುವ ಹೊತ್ತಿಗೆ ಕುಹಕವೋ ಬಿಡುಗಡೆಯ ಸಂಭ್ರಮವೋ ಹೇಳಲಾಗದ ಸ್ಥಿತಿಗೆ ಬರುತ್ತದೆ. ಪ್ರೇಮ ಮತ್ತು ವಿರಹವನ್ನು ಬಿಟ್ಟರೆ ಹಾಡಿಗೆ ವಸ್ತುವಿಲ್ಲ ಎಂದುಕೊಂಡಿದ್ದ ರೇಡಿಯೊದಲ್ಲಿ ಇಂಥ ದ್ವಂದ್ವ ಕೇಳಿದ್ದು ಅದೇ ಮೊದಲು. ಬೀಟಲ್ಸ್ ಬರವಣಿಗೆ ಬದಲಾದದ್ದರಲ್ಲಿ ಡಿಲನ್‌ನ ಪಾಲಿದೆ ಎಂಬುದನ್ನು ಲೆನನ್ ಮುಚ್ಚಿಡಲಿಲ್ಲ.

ಇದರ ನಂತರ ಇನ್ನೊಂದು ಶಿಖರ 1975ರ ‘ಬ್ಲಡ್ ಆನ್ ದ ಟ್ರ್ಯಾಕ್ಸ್’. ನಾರ್ಮನ್ ರೇಬೆನ್ ಎಂಬ ಚಿತ್ರಕಲಾ ಗುರುವಿನ ಬಳಿ ಕಲಿತದ್ದನ್ನು ಹಾಡಿಗೆ ಹಚ್ಚಿದೆ ಎಂದು ಡಿಲನ್ ಹೇಳಿಕೊಂಡಿದ್ದಾನೆ: ಕ್ಯಾನ್ವಾಸಿನಂತೆ ನಿನ್ನೆ, ಇಂದು, ನಾಳೆಗಳು ಒಂದೇ ನೋಟಕ್ಕೆ ಸಿಗಬೇಕು. ‘ಟ್ಯಾಂಗಲ್ಡ್ ಅಪ್ ಇನ್ ಬ್ಲೂ’ನಲ್ಲಿ ಕಥೆ ಹಿಂದುಮುಂದಾಗುತ್ತದೆ, ಮುಂದಿನ ವರ್ಷಗಳ ಕಛೇರಿಗಳಲ್ಲಿ ಅದೇ ಹಾಡಿನ ‘ನಾನು’ ಎಂಬುದು ‘ಅವನು’ ಆಗಿ, ಇಡೀ ಚರಣಗಳೇ ಬದಲಾಗಿವೆ.

ಇಳಿಜಾರು

ಆರುನೂರಕ್ಕೂ ಹೆಚ್ಚು ಹಾಡು, ನಲವತ್ತರ ಆಸುಪಾಸಿನ ಸ್ಟುಡಿಯೊ ಆಲ್ಬಮ್‌ಗಳಲ್ಲಿ ಹೀಗೆ ನಿಲ್ಲುವವು ಎಷ್ಟು? ಕೈ ಬಿಗಿಹಿಡಿದು ಎಣಿಸಿದರೆ ಹತ್ತರಲ್ಲಿ ಒಂದು. 1970ರ ‘ಸೆಲ್ಫ್ ಪೋರ್ಟ್ರೇಟ್’ ಹೊರಬಂದಾಗ ಅಭಿಮಾನಿ ವಿಮರ್ಶಕರೇ ಬಾಯಿಗೆ ಬಂದಂತೆ ಬೈದರು. 1979ರಲ್ಲಿ ಕ್ರೈಸ್ತ ಮತದ ಹೊಸ ಆವೇಶ ಬಂತು, ಮೂರು ಆಲ್ಬಮ್‌ಗಳ ನಂತರ ತಣ್ಣಗಾಯಿತು. 1986ರ ‘ನಾಕ್ಡ್ ಔಟ್ ಲೋಡೆಡ್’, 1988ರ ‘ಡೌನ್ ಇನ್ ದ ಗ್ರೂವ್’ ಬೇರೆ ಯಾರ ಹೆಸರಿನಲ್ಲಿ ಬಂದಿದ್ದರೂ ಇಂದು ಯಾರ ನೆನಪಿನಲ್ಲೂ ಇರುತ್ತಿರಲಿಲ್ಲ. ಆ ದಿನಗಳಲ್ಲಿ ತನ್ನೊಳಗೆ ಏನೂ ಉಳಿದಿರಲಿಲ್ಲ ಎಂದು 2004ರ ಆತ್ಮಕಥೆ ‘ಕ್ರಾನಿಕಲ್ಸ್’ನಲ್ಲಿ ಆತನೇ ಬರೆದಿದ್ದಾನೆ. ಒಳ್ಳೆಯದನ್ನು ಗುರುತಿಸುವ ಶಕ್ತಿಯೂ ಆಗ ಕೈಕೊಟ್ಟಿತ್ತು: 1983ರಲ್ಲಿ ಹಾಡಿದ ‘ಬ್ಲೈಂಡ್ ವಿಲಿ ಮೆಕ್‌ಟೆಲ್’ ಆ ದಶಕದ ಆತನ ಅತ್ಯುತ್ತಮ ಹಾಡು, ಅದನ್ನು ಆಲ್ಬಮ್‌ನಿಂದ ಕೈಬಿಟ್ಟ, ಅದು ಅಧಿಕೃತವಾಗಿ ಹೊರಬಂದದ್ದು 1991ರಲ್ಲಿ. ವರ್ಡ್ಸ್‌ವರ್ತ್‌ನಿಗೂ ಒಂದೇ ದಶಕ ಕೂಡಿಬಂದಿತ್ತು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತಿದೆ. ಆದರೆ ಅವನ ಉಳಿದ ನಲವತ್ತು ವರ್ಷಗಳ ಪದ್ಯಗಳನ್ನು ಯಾರೂ ಮೇರುಕೃತಿ ಎಂದು ಮಾರಲಿಲ್ಲ. ಡಿಲನ್ ವಿಷಯದಲ್ಲಿ ಆ ಸಂಕೋಚವಿಲ್ಲ. ಬಿಟ್ಟುಹೋದ ಪ್ರತಿ ಚೂರೂ ‘ಬೂಟ್‌ಲೆಗ್ ಸೀರೀಸ್’ನ ಒಂದೊಂದು ಪೆಟ್ಟಿಗೆಯಾಗಿ ಅಂಗಡಿಗೆ ಬರುತ್ತದೆ.

1997ರ ‘ಟೈಮ್ ಔಟ್ ಆಫ್ ಮೈಂಡ್’ನಿಂದ ಎರಡನೇ ಉಸಿರು ಬಂತು. ಜೊತೆಗೆ ಎರವಲಿನ ವಾದ ಹೊಸ ರೂಪದಲ್ಲಿ ಮರಳಿತು; ಈ ಸಲ ರಾಗದ್ದಲ್ಲ, ಮಾತಿನದು. 2001ರ ‘ಲವ್ ಅಂಡ್ ಥೆಫ್ಟ್’ನ ಹಲವು ಸಾಲುಗಳು ಜಪಾನಿನ ವೈದ್ಯ ಜುನಿಚಿ ಸಾಗಾ ಬರೆದ ‘ಕನ್ಫೆಶನ್ಸ್ ಆಫ್ ಎ ಯಕೂಝಾ’ ಪುಸ್ತಕದ ಇಂಗ್ಲಿಷ್ ಅನುವಾದದಲ್ಲಿ ಇರುವುದು 2003ರಲ್ಲಿ ಬಯಲಾಯಿತು. ಸಾಗಾ ಸಿಟ್ಟಾಗಲಿಲ್ಲ, ಹಿಗ್ಗಿದ. 2006ರ ‘ಮಾಡರ್ನ್ ಟೈಮ್ಸ್’ನಲ್ಲಿ ಅಮೆರಿಕದ ಅಂತರ್ಯುದ್ಧದ ಕಾಲದ ದಕ್ಷಿಣದ ಕವಿ ಹೆನ್ರಿ ಟಿಮ್‌ರಾಡ್‌ನ ನುಡಿಗಟ್ಟುಗಳು ಸಿಕ್ಕವು. ‘ಕ್ರಾನಿಕಲ್ಸ್’ನಲ್ಲಿ ಜಾಕ್ ಲಂಡನ್‌ನ ವಾಕ್ಯಗಳ ನೆರಳು ಕಂಡಿತು. ಸಂಪ್ರದಾಯವೆಂದರೆ ಇದೇ, ಉಲ್ಲೇಖ ಹಾಡಿನ ಹಳೆಯ ರೂಢಿ ಎಂದು ಡಿಲನ್ 2012ರಲ್ಲಿ ಟೀಕಾಕಾರರ ಮೇಲೆ ಹರಿಹಾಯ್ದ. ಹಾಡಿಗೆ ಈ ಉತ್ತರ ಒಪ್ಪುತ್ತದೆ: ಟಿಮ್‌ರಾಡ್‌ನನ್ನು ಯಾರೂ ಓದದ ಕಾಲದಲ್ಲಿ ಅವನ ಪದಪುಂಜ ಬ್ಲೂಸ್ ಹಾಡೊಂದರಲ್ಲಿ ಹೊಸ ಅರ್ಥ ಪಡೆಯುವುದು ಕಲೆಯೇ. 2011ರಲ್ಲಿ ತನ್ನ ಏಷ್ಯಾ ಪ್ರವಾಸದ ಚಿತ್ರಗಳೆಂದು ನ್ಯೂಯಾರ್ಕ್ ಗ್ಯಾಲರಿಯಲ್ಲಿ ತೂಗುಹಾಕಿದವು ಬೇರೆಯವರು ತೆಗೆದ ಫೋಟೊಗಳ ನಕಲೆಂದು ಗೊತ್ತಾದಾಗ ಆ ಉತ್ತರ ನಿಲ್ಲುವುದಿಲ್ಲ. 2017ರ ನೊಬೆಲ್ ಉಪನ್ಯಾಸದಲ್ಲಿ ‘ಮೊಬಿ ಡಿಕ್’ ಕುರಿತ ಹನ್ನೆರಡಕ್ಕೂ ಹೆಚ್ಚು ವಾಕ್ಯಗಳು ಪರೀಕ್ಷೆಗೆ ಓದುವ ಮಕ್ಕಳ ಇಂಟರ್ನೆಟ್ ಗೈಡ್ ಒಂದರ ವಾಕ್ಯಗಳನ್ನು ಹೋಲುತ್ತಿದ್ದವು ಎಂದು ಪತ್ರಕರ್ತೆಯೊಬ್ಬಳು ತೋರಿಸಿದಾಗಲಂತೂ ಇಲ್ಲ. ಅದು ಸೋಮಾರಿತನ, ಅದಕ್ಕೆ ಸಂಪ್ರದಾಯದ ಹೆಸರು ಬೇಡ.

ಪುಟದ ಮೇಲೆ, ಕಂಠದಲ್ಲಿ

ನೊಬೆಲ್ ಪ್ರಕಟವಾದದ್ದು 2016ರ ಅಕ್ಟೋಬರ್ 13ರಂದು. ಮಹಾನ್ ಅಮೆರಿಕನ್ ಹಾಡಿನ ಪರಂಪರೆಯೊಳಗೆ ಹೊಸ ಕಾವ್ಯಾಭಿವ್ಯಕ್ತಿಗಳನ್ನು ಸೃಷ್ಟಿಸಿದ್ದಕ್ಕೆ ಎಂಬುದು ಕಾರಣ. ಸ್ವೀಡಿಷ್ ಅಕಾಡೆಮಿಯ ಸಾರಾ ಡೇನಿಯಸ್, ಹೋಮರ್ ಮತ್ತು ಸ್ಯಾಫೊ ಕೂಡ ಹಾಡಲೆಂದೇ ರಚಿಸಿದವರು ಎಂದು ಸಮರ್ಥಿಸಿದಳು. ಪ್ರಶಸ್ತಿ ವಿಜೇತ ಎರಡು ವಾರ ತುಟಿ ಬಿಚ್ಚಲಿಲ್ಲ. ಡಿಸೆಂಬರ್‌ನ ಸಮಾರಂಭಕ್ಕೆ ಆತ ಹೋಗಲಿಲ್ಲ, ಪ್ಯಾಟಿ ಸ್ಮಿತ್ ಆತನ ಪರವಾಗಿ ಹಾಡಿದಳು. ಇಂಗ್ಲಿಷ್ ಜಗತ್ತಿನಲ್ಲಿ ಹಾಡು ಸಾಹಿತ್ಯವೇ ಎಂದು ದೊಡ್ಡ ಜಗಳ ನಡೆಯಿತು. ಭಾರತದ ಓದುಗರಿಗೆ ಈ ಜಗಳದಲ್ಲಿ ಹೊಸದೇನೂ ಇರಲಿಲ್ಲ. 1913ರಲ್ಲಿ ನೊಬೆಲ್ ಪಡೆದ ರವೀಂದ್ರನಾಥ ಟ್ಯಾಗೋರ್ ಎರಡು ಸಾವಿರಕ್ಕೂ ಹೆಚ್ಚು ಹಾಡು ಕಟ್ಟಿದವನು. ಕನ್ನಡದಲ್ಲಿ ದಾಸರ ಪದಗಳನ್ನೂ ಶಿಶುನಾಳ ಶರೀಫರ ತತ್ವಪದಗಳನ್ನೂ ಸಾಹಿತ್ಯ ಚರಿತ್ರೆಯಿಂದ ಹೊರಗಿಡುವ ಯೋಚನೆ ಯಾರಿಗೂ ಬರುವುದಿಲ್ಲ.

ಆದರೂ ದಾಸರ ಪದಗಳ ಜೊತೆಗಿಟ್ಟಾಗ ಡಿಲನ್‌ನ ದುರ್ಬಲ ಜಾಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಪುರಂದರದಾಸರ ಬಹುತೇಕ ಪದಗಳ ಮೂಲ ಧಾಟಿ ಇಂದು ಉಳಿದಿಲ್ಲ. ಒಬ್ಬೊಬ್ಬ ಗಾಯಕ ಒಂದೊಂದು ರಾಗದಲ್ಲಿ ಹಾಡುತ್ತಾನೆ, ಭಜನೆ ಮನೆಗಳಲ್ಲಿ ಇನ್ನೊಂದು ರೀತಿ. ಧಾಟಿ ಹೋದರೂ ಮಾತು ತನ್ನ ಕಾಲ ಮೇಲೆ ನಿಂತಿದೆ. ಡಿಲನ್‌ನ ಗೀತಸಂಗ್ರಹವನ್ನು ಸುಮ್ಮನೆ ಕೂತು ಓದಿದರೆ ಬಹಳಷ್ಟು ಸಾಲುಗಳು ಸೊರಗುತ್ತವೆ. ಪ್ರಾಸಕ್ಕಾಗಿ ಎಳೆದು ತಂದ ಪದಗಳು, ಅರ್ಥದ ಭ್ರಮೆ ಹುಟ್ಟಿಸಲು ಸಾಲುಗಟ್ಟಿ ನಿಲ್ಲಿಸಿದ ಸರ್ಕಸ್ಸಿನವರು, ಕುಂಟರು, ಸಂತರು, ಜೂಜುಕೋರರು ಕಣ್ಣಿಗೆ ಹೊಡೆಯುತ್ತಾರೆ. ರಿಕ್ಸ್‌ನಂಥ ಸೂಕ್ಷ್ಮ ಓದುಗ ಇವುಗಳಲ್ಲಿ ಕಾಣುವ ಅಲಂಕಾರಗಳಲ್ಲಿ ಅರ್ಧದಷ್ಟು ರಿಕ್ಸ್‌ನ ಪ್ರತಿಭೆಯೇ. ಪುಟದ ಕವಿಯಾಗಿ ಡಿಲನ್‌ಗೆ ಆತನ ಪ್ರಶಸ್ತಿಯ ಎತ್ತರವಿಲ್ಲ. ಈ ತೀರ್ಮಾನ ಆತನಿಗೆ ಅವಮಾನವೂ ಅಲ್ಲ. ನೊಬೆಲ್ ಉಪನ್ಯಾಸದಲ್ಲಿ ಆತನೇ ಹಾಡುಗಳು ಸಾಹಿತ್ಯಕ್ಕಿಂತ ಬೇರೆ, ಅವು ಹಾಡಬೇಕಾದವು, ಓದಬೇಕಾದವಲ್ಲ ಎಂದಿದ್ದಾನೆ.

ಹೊಗಳಿಕೆ ನಿಜಕ್ಕೂ ಕಡಿಮೆ ಬಿದ್ದಿರುವುದು ಎಲ್ಲರೂ ನಗಾಡುವ ಜಾಗದಲ್ಲಿ, ಆತನ ಗಾಯನದಲ್ಲಿ. ಸಿರಿಕಂಠವಿಲ್ಲದವನು ಹಾಡಬಾರದೆಂಬ ನಿಯಮ ಬ್ಲೂಸ್‌ನಲ್ಲಿ ಎಂದೂ ಇರಲಿಲ್ಲ. ತಾಳಕ್ಕೆ ಕೂದಲೆಳೆಯಷ್ಟು ಹಿಂದೆ ನಿಂತು ಪದವನ್ನು ಬೀಳಿಸುವುದು, ಸಾಲಿನ ಕೊನೆಯ ಅಕ್ಷರವನ್ನು ಎಳೆದು ಅದರ ಅರ್ಥವನ್ನೇ ತಿರುಗಿಸುವುದು, ಒಂದೇ ಪಲ್ಲವಿಯನ್ನು ನಾಲ್ಕು ಸಲ ನಾಲ್ಕು ಬಗೆಯ ಮನಸ್ಥಿತಿಯಲ್ಲಿ ಹೇಳುವುದು ಆತನಿಗೆ ಗೊತ್ತು. 1966ರ ಮೇ 17ರಂದು ಮ್ಯಾಂಚೆಸ್ಟರ್‌ನಲ್ಲಿ ವಿದ್ಯುತ್ ಗಿಟಾರ್ ಹಿಡಿದದ್ದಕ್ಕೆ ಸಭಿಕನೊಬ್ಬ ಜುದಾಸ್, ಅಂದರೆ ದ್ರೋಹಿ, ಎಂದು ಕೂಗಿದ ಮೇಲೆ ಆತ ಹಾಡಿದ್ದನ್ನು ಕೇಳಿದರೆ ಸಾಕು. 1988ರಲ್ಲಿ ಶುರುವಾದ ಕಛೇರಿಗಳ ಸರಣಿ ಮೂರು ಸಾವಿರ ದಾಟಿದೆ. ಅಲ್ಲಿ ಹಳೆಯ ಹಾಡಿನ ಗುರುತೇ ಸಿಗದಂತೆ ಧಾಟಿ ಬದಲಿಸುತ್ತಾನೆಂದು ದುಡ್ಡು ಕೊಟ್ಟು ಬಂದವರು ಗೊಣಗುತ್ತಾರೆ. ಕೆಲವು ರಾತ್ರಿ ಅವರ ಗೊಣಗಾಟ ನ್ಯಾಯವಾದದ್ದೇ.

ಭಾರತಕ್ಕೂ ಆತನಿಗೂ ನಂಟು ತೆಳು. 1967ರ ‘ಜಾನ್ ವೆಸ್ಲಿ ಹಾರ್ಡಿಂಗ್’ನ ಮುಖಪುಟದಲ್ಲಿ ಡಿಲನ್ ಪಕ್ಕ ನಿಂತವರು ಬಂಗಾಳದ ಬಾವುಲ್ ಗಾಯಕರಾದ ಪೂರ್ಣದಾಸ್, ಲಕ್ಷ್ಮಣದಾಸ್. 1971ರ ಆಗಸ್ಟ್ 1ರಂದು ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಏರ್ಪಡಿಸಿದ ಬಾಂಗ್ಲಾದೇಶ ನಿರಾಶ್ರಿತರ ಸಹಾಯಾರ್ಥ ಕಛೇರಿಯಲ್ಲಿ ಆತ ಹಾಡಿದ್ದ. ಶಿಲ್ಲಾಂಗ್‌ನಲ್ಲಿ ಗಾಯಕ ಲೂ ಮಜಾವ್ 1972ರಿಂದ ಪ್ರತಿ ಮೇ 24ರಂದು ಡಿಲನ್ ಹುಟ್ಟುಹಬ್ಬ ನಡೆಸಿಕೊಂಡು ಬಂದಿದ್ದಾನೆ.

ಕೀರ್ತಿ ಕಟ್ಟಿದವರು

ಡಿಲನ್‌ನ ಹೆಸರನ್ನು ಮನೆಮನೆಗೆ ಒಯ್ದವರು ಬೇರೆ ಕಂಠಗಳು. ‘ಬ್ಲೋಯಿಂಗ್ ಇನ್ ದ ವಿಂಡ್’ 1963ರಲ್ಲಿ ಗೆದ್ದದ್ದು ಪೀಟರ್, ಪಾಲ್ ಅಂಡ್ ಮೇರಿ ತಂಡದಿಂದ. ‘ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್’ 1965ರಲ್ಲಿ ಒಂದನೇ ಸ್ಥಾನಕ್ಕೇರಿದ್ದು ಬರ್ಡ್ಸ್ ತಂಡದಿಂದ. 1968ರಲ್ಲಿ ಜಿಮಿ ಹೆಂಡ್ರಿಕ್ಸ್ ‘ಆಲ್ ಅಲಾಂಗ್ ದ ವಾಚ್‌ಟವರ್’ ನುಡಿಸಿದ ಮೇಲೆ ಡಿಲನ್ ಕೂಡ ಅದನ್ನು ಅವನ ದಾರಿಯಲ್ಲೇ ಹಾಡತೊಡಗಿದ. ಬಿಲ್‌ಬೋರ್ಡ್‌ನ ಹಾಟ್ 100 ಪಟ್ಟಿಯಲ್ಲಿ ಗಾಯಕನಾಗಿ ಆತ ಎಂದೂ ಮೊದಲ ಸ್ಥಾನ ಕಾಣಲಿಲ್ಲ. ಕೀರ್ತಿಯ ಇನ್ನೊಂದು ಕಂಬ ವಿಮರ್ಶಕರು. ರಾಕ್ ಸಂಗೀತದ ಪತ್ರಿಕೋದ್ಯಮ ಹುಟ್ಟಿದ್ದೇ ಡಿಲನ್ ಕೇಳಿ ಬೆಳೆದ ಬಿಳಿಯ, ಕಾಲೇಜು ಓದಿದ ಹುಡುಗರಿಂದ. ‘ರೋಲಿಂಗ್ ಸ್ಟೋನ್’ ಪತ್ರಿಕೆ 1967ರಲ್ಲಿ ಆರಂಭವಾಯಿತು. ಅದರ ಸಹಸ್ಥಾಪಕ ಜಾನ್ ವೆನ್ನರ್ 2023ರಲ್ಲಿ ‘ದ ಮಾಸ್ಟರ್ಸ್’ ಎಂದು ತಂದ ಸಂದರ್ಶನ ಸಂಪುಟದಲ್ಲಿ ಡಿಲನ್ ಸೇರಿ ಏಳು ಮಂದಿ, ಏಳೂ ಬಿಳಿಯ ಗಂಡಸರು. ಕಪ್ಪು ಕಲಾವಿದರೂ ಹೆಂಗಸರೂ ಆ ಮಟ್ಟದಲ್ಲಿ ಮಾತಾಡಬಲ್ಲವರಲ್ಲ ಎಂಬರ್ಥದ ಮಾತಾಡಿ ವೆನ್ನರ್ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಮಂಡಳಿಯಿಂದ ಹೊರಬಿದ್ದ. ಮಾತಿನ ಹಾಡಿಗೆ ಮೊದಲ ಮಣೆ, ಕುಣಿತದ ಹಾಡಿಗೆ ಜಗಲಿ ಎಂಬ ಈ ಪಂಕ್ತಿಭೇದದಲ್ಲಿ ಸ್ಮೋಕಿ ರಾಬಿನ್ಸನ್, ಕರ್ಟಿಸ್ ಮೇಫೀಲ್ಡ್‌ರಂಥವರ ಬರವಣಿಗೆಗೆ ಸಿಗಬೇಕಾದ ಓದು ಸಿಗಲಿಲ್ಲ. ಅದು ಡಿಲನ್‌ನ ತಪ್ಪಲ್ಲ, ಆದರೆ ಲಾಭ ಆತನದು.

ಆ ತಲೆಮಾರು ಹಿಂದೆ ಸರಿಯುತ್ತಿದ್ದಂತೆ ಲೆಕ್ಕ ತಾನಾಗಿ ಸರಿಹೋಗುತ್ತಿದೆ. ‘ರೋಲಿಂಗ್ ಸ್ಟೋನ್’ನ ಸರ್ವಕಾಲಿಕ ಆಲ್ಬಮ್‌ಗಳ 2003ರ ಪಟ್ಟಿಯಲ್ಲಿ ನಾಲ್ಕನೆಯದಾಗಿದ್ದ ‘ಹೈವೇ 61 ರೀವಿಸಿಟೆಡ್’ 2020ರಲ್ಲಿ ಹದಿನೆಂಟಕ್ಕೂ, ಒಂಬತ್ತನೆಯದಾಗಿದ್ದ ‘ಬ್ಲಾಂಡ್ ಆನ್ ಬ್ಲಾಂಡ್’ ಮೂವತ್ತೆಂಟಕ್ಕೂ ಇಳಿದವು. 2004ರ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನದಲ್ಲಿದ್ದ ‘ಲೈಕ್ ಎ ರೋಲಿಂಗ್ ಸ್ಟೋನ್’ 2021ರಲ್ಲಿ ನಾಲ್ಕಕ್ಕೆ ಬಂತು. ಅದರ ಮೇಲಿನ ಮೂರೂ ಕಪ್ಪು ಕಲಾವಿದರವು: ಅರೀಥಾ ಫ್ರಾಂಕ್ಲಿನ್‌ಳ ‘ರಿಸ್ಪೆಕ್ಟ್’, ಪಬ್ಲಿಕ್ ಎನಿಮಿ ತಂಡದ ‘ಫೈಟ್ ದ ಪವರ್’, ಸ್ಯಾಮ್ ಕುಕ್‌ನ ‘ಎ ಚೇಂಜ್ ಈಸ್ ಗಾನ ಕಮ್’. ಮೂರನೆಯದನ್ನು ಕುಕ್ 1964ರ ಜನವರಿಯಲ್ಲಿ ಧ್ವನಿಮುದ್ರಿಸಿದ. ‘ಬ್ಲೋಯಿಂಗ್ ಇನ್ ದ ವಿಂಡ್’ ಕೇಳಿ, ಇಂಥದ್ದನ್ನು ಬಿಳಿಯ ಹುಡುಗನೊಬ್ಬ ಬರೆದ, ತನ್ನವರು ಬರೆಯಲಿಲ್ಲವಲ್ಲ ಎಂದು ಕಸಿವಿಸಿಗೊಂಡದ್ದು ಅವನು ಆ ಹಾಡು ಬರೆಯಲು ಒಂದು ಕಾರಣವಾಗಿತ್ತು.